ಬಿಕ್ಕಳಿಕೆ ಇದ್ದಷ್ಟು ದಿನ

ನಿದ್ದೆ ಬರಲಿ ಎಂದು ತಿಪಟೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ನನಗೆ ನಿದ್ದೆ ತಂದುಕೊಟ್ಟಿತು. ಸಂತೆಯಲ್ಲಿ ಸೊಪ್ಪಿನವಳು ಕೊಸರು ಹಾಕುವ ಹಾಗೆ, ಅದರ ಮೇಲೊಂದಿಷ್ಟು ಬಿಕ್ಕಳಿಕೆಯನ್ನೂ ಹಾಕಿತು. ಕೊಸರು ಬೇಡ ಅನ್ನುವ ಹೆಂಗಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನೂ ಮೊದಮೊದಲು ಸುಮ್ಮನಿದ್ದೆ.

ಐವತ್ತು ದಾಟಿದ ಮೇಲೆ ನನ್ನ ನಿದ್ದೆ ಎಲ್ಲಿಗೋ ಹೊರಟುಹೋಗಿತ್ತು. ನಮ್ಮ ಯಜಮಾನರು ದಿಂಬಿಗೆ ತಲೆ ಕೊಡುವ ಮೊದಲೇ ಗೊರಕೆ ಶುರು ಮಾಡುವವರು. ಅವರ ಗೊರಕೆ, ಅಟ್ಟದ ಮೇಲೆ ಇಲಿ ಉರುಳಿಸುವ ತೆಂಗಿನಕಾಯಿ, ನನ್ನ ಎದೆಯ ಡವಡವ, ಇಷ್ಟನ್ನೂ ಕೇಳಿಕೊಂಡು ಬೆಳಗು ಮಾಡುತ್ತಿದ್ದೆ. ಹಗಲು ಸಣ್ಣಪುಟ್ಟದ್ದಕ್ಕೂ ಸಿಡುಕುತ್ತಿದ್ದೆ. ಸಿಡುಕು ನಿದ್ದೆ ಇದ್ದಾಗಲೂ ಇತ್ತು ಎಂದು ಯಜಮಾನರು ಹೇಳುತ್ತಾರೆ. ಅವರ ಮಾತಿಗೆ ನೀವು ಕಿವಿಗೊಡಬೇಡಿ.

ಡಾಕ್ಟರು ಎದೆ ನೋಡಿದರು, ಬಿ.ಪಿ. ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗೇ ಇತ್ತು. ಆಮೇಲೆ ಪೆನ್ನು ಕೆಳಗಿಟ್ಟು, "ಮನೆಯಲ್ಲಿ ಏನಾದರೂ ಬೇಜಾರಿದೆಯೇನಮ್ಮ?" ಎಂದು ಕೇಳಿದರು.

"ಏನೂ ಇಲ್ಲ ಸಾರ್," ಅಂದೆ.

ಪಕ್ಕದಲ್ಲಿ ಕೂತಿದ್ದ ಯಜಮಾನರು ತಲೆಯೆತ್ತಿ ಫ್ಯಾನು ನೋಡತೊಡಗಿದರು. ಡಾಕ್ಟರು ಅವರನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಮತ್ತೆ ಪೆನ್ನು ತೆಗೆದುಕೊಂಡರು. ಬೆಳಿಗ್ಗೆ ಅರ್ಧ, ರಾತ್ರಿ ಒಂದು. ಮೈಮನಸ್ಸನ್ನು ಸ್ವಲ್ಪ ತಣ್ಣಗೆ ಮಾಡುವ ಮಾತ್ರೆ. "ಕೆಲವು ದಿನಕ್ಕೆ ಮಾತ್ರ. ನೀವಾಗಿ ಜಾಸ್ತಿ ಮಾಡಬೇಡಿ, ನೀವಾಗಿ ನಿಲ್ಲಿಸಲೂಬೇಡಿ. ತೂಕಡಿಕೆ ಬರಬಹುದು, ಏಣಿ ಗೀಣಿ ಹತ್ತಬೇಡಿ. ಏನಾದರೂ ತೊಂದರೆಯಾದರೆ ಬಂದುಬಿಡಿ," ಎಂದರು.

ಬೇಜಾರು ಇತ್ತು. ಗೋಡೆಯ ಆಚೆ ಇತ್ತು.

ನಮ್ಮ ಮಾವನವರ ಮನೆ ಅಣ್ಣತಮ್ಮಂದಿರಿಗೆ ಪಾಲಾದಾಗ ನಡುಮನೆಗೆ ಅಡ್ಡಲಾಗಿ ಗೋಡೆ ಎಬ್ಬಿಸಿದರು. ಆಚೆ ಭಾವ ಮತ್ತು ನಾನು ಅಕ್ಕ ಎಂದು ಕರೆಯುವ ನನ್ನ ವಾರಗಿತ್ತಿ, ಈಚೆ ನಾವು. ಗಾರೆಯವನು ಗೋಡೆಯನ್ನು ಅಟ್ಟದ ಹಲಗೆಯ ತನಕ ತಂದು ನಿಲ್ಲಿಸಿಬಿಟ್ಟ. ಅಟ್ಟದ ಮೇಲೆ ತೆಂಗಿನಕಾಯಿ ಸುಮಾರು ಒಂದು ವರ್ಷ ಕೂತು, ಒಳಗಿನ ನೀರು ಆರಿ, ಉಂಡೆಕೊಬ್ಬರಿ ಆಗಬೇಕು. ಅದಕ್ಕೆ ಗಾಳಿ ಆಡಬೇಕು, ಮೇಲೆ ಗೋಡೆ ಬೇಡ ಎಂದು ಮಾವ ಹೇಳಿದ್ದರು. ಹಾಗಾಗಿ ಅಟ್ಟದಲ್ಲಿ ಬರೀ ಒಂದು ಬಿದಿರಿನ ತಡಿಕೆ. ತಡಿಕೆಯ ಆಚೆ ಅವರ ಕಾಯಿ, ಈಚೆ ನಮ್ಮ ಕಾಯಿ. ಅಟ್ಟಕ್ಕೆ ಹತ್ತುವ ಕಿಂಡಿ ಎರಡೂ ಕಡೆ ಅಡುಗೆಮನೆಯ ಮೇಲೆಯೇ ಇತ್ತು. ಕಾಯಿಗೆ ಗಾಳಿ ಆಡಿತೋ ಇಲ್ಲವೋ, ಸದ್ದು ಮಾತ್ರ ಚೆನ್ನಾಗಿ ಆಡಿತು. ಅವಳ ಕುಕ್ಕರ್ ಕೂಗಿದರೆ ನಾನು ನನ್ನ ಒಲೆ ಸಣ್ಣ ಮಾಡಿದ್ದುಂಟು. ಅವಳ ಟೀವಿಯಲ್ಲಿ ಬರುವ ಧಾರಾವಾಹಿಯನ್ನು ನಾನು ಈ ಕಡೆ ಕರೆಂಟು ಖರ್ಚಿಲ್ಲದೆ ಕೇಳುತ್ತಿದ್ದೆ.

ಆದರೆ ಮಾತಿರಲಿಲ್ಲ. ನಾಲ್ಕೈದು ವರ್ಷವಾಗಿತ್ತು.

ಕಾರಣ ಒಂದು ಮರ. ತೋಟದ ಬದುವಿನಲ್ಲಿ ಅವರ ಪಾಲಿಗೆ ಬಂದ ಒಂದು ತೆಂಗಿನಮರ ನಮ್ಮ ಕಡೆಗೆ ವಾಲಿದೆ. ಬುಡ ಅವರದು, ಕಾಯಿ ಬೀಳುವುದು ನಮ್ಮಲ್ಲಿ. ಬಿದ್ದ ಕಾಯನ್ನು ನಾನು ಬದುವಿನ ಆಚೆ ಎಸೆಯುತ್ತಿದ್ದೆ. ನೆಲ ಇಳಿಜಾರು, ಅರ್ಧ ಕಾಯಿ ಮತ್ತೆ ಉರುಳಿ ಈಚೆಗೇ ಬರುತ್ತಿತ್ತು. ತೆಂಗಿನಕಾಯಿಗೆ ಪಾಲುಪಟ್ಟಿ ಓದಲು ಬರುವುದಿಲ್ಲವಲ್ಲ. ನೆಂಟರ ಮನೆಯ ಸೀಮಂತದಲ್ಲಿ, ಪಂಕ್ತಿಯಲ್ಲಿ ನಾನು ಪಾಯಸ ಬಡಿಸುತ್ತಿದ್ದಾಗ, ಎಲೆಯ ಮುಂದೆ ಕೂತಿದ್ದ ಅಕ್ಕ ಪಕ್ಕದವಳಿಗೆ ಎಲ್ಲರಿಗೂ ಕೇಳುವಂತೆ, "ಮರ ನಮ್ದು, ಕೊಬ್ರಿ ಮಾತ್ರ ಬ್ಯಾರೆಯೋರ ಅಟ್ಟದಲ್ಲಿ ಆಯ್ತೈತೆ," ಅಂದಳು. ನಾನು ಬಕೆಟ್ಟನ್ನು ಪಂಕ್ತಿಯ ಮಧ್ಯೆ ಇಟ್ಟು, ಸೌಟನ್ನು ಅದರೊಳಗೆ ಮುಳುಗಿಸಿ, ಬಸ್ಸು ಹತ್ತಿ ಮನೆಗೆ ಬಂದೆ. ಅಲ್ಲಿಂದ ಅವಳ ಮುಖ ನೋಡಿದ್ದಿಲ್ಲ.

ಗಂಡಸರದು ಬೇರೆ ಲೆಕ್ಕ. ಜಗಳವನ್ನು ನಮ್ಮಿಬ್ಬರಿಗೆ ವಹಿಸಿಕೊಟ್ಟು ಅಣ್ಣತಮ್ಮ ಇಬ್ಬರೂ ಒಂದೇ ಬೈಕಿನಲ್ಲಿ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿಗೆ ಹೋಗಿ, ಒಂದೇ ಹೋಟೆಲಿನಲ್ಲಿ ದೋಸೆ ತಿಂದು ಬರುತ್ತಿದ್ದರು. ಊರ ಬಾಗಿಲಲ್ಲಿ ಒಬ್ಬರು ಇಳಿದು, ಬೇರೆ ಬೇರೆಯಾಗಿ ಬಂದ ಹಾಗೆ ಮನೆ ಸೇರುತ್ತಿದ್ದರು. ನಮಗೆ ಗೊತ್ತಿಲ್ಲ ಅಂದುಕೊಂಡಿದ್ದರು, ಪಾಪ.

ನನಗೆ ಅಕ್ಕನ ಮೇಲೆ ಕೋಪ ಇತ್ತು. ಅವಳಿಲ್ಲದೆ ಬೇಸರವೂ ಇತ್ತು. ಕೋಪವನ್ನು ಊರಿಗೆಲ್ಲ ಹೇಳಿದ್ದೆ. ಬೇಸರವನ್ನು ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಸಹ.

ಮಾತ್ರೆ ಶುರುವಾದ ಮೇಲೆ ರಾತ್ರಿ ಕಲ್ಲಿನ ಹಾಗೆ ಮಲಗಿದೆ. ಬೆಳಿಗ್ಗೆ ಎದ್ದು, ಅರ್ಧ ಮಾತ್ರೆ ನುಂಗಿ, ರಾಗಿ ರೊಟ್ಟಿ ತಟ್ಟಲು ಕೂತೆ. ಎರಡನೇ ರೊಟ್ಟಿ ತಟ್ಟುವಾಗ ಶುರುವಾಯಿತು. ಅದೇನು ಮಕ್ಕಳ ಬಿಕ್ಕಳಿಕೆಯಲ್ಲ. ಹೊಟ್ಟೆಯ ಬುಡದಿಂದ ಎದ್ದು, ಭುಜ ಕುಲುಕಿಸಿ, ಗಂಟಲಲ್ಲಿ ಸಿಡಿಯುವ ಜಾತಿಯದು. ಒಂದೊಂದಕ್ಕೂ ರೊಟ್ಟಿಗೆ ಒಂದೊಂದು ತೂತು. ಅವತ್ತು ಯಜಮಾನರು ಜಾಲರಿಯಂಥ ರೊಟ್ಟಿ ತಿಂದರು. ಹುಚ್ಚೆಳ್ಳು ಚಟ್ನಿ ಚೆನ್ನಾಗಿ ಇಳಿಯುತ್ತದೆ ಎಂದು ಹೊಗಳಿದರು.

ನೀರು ಕುಡಿದೆ. ಉಸಿರು ಕಟ್ಟಿದೆ. ಸಕ್ಕರೆ ಬಾಯಲ್ಲಿಟ್ಟುಕೊಂಡೆ. ಬಗ್ಗಿ ಲೋಟದ ಆಚೆ ಅಂಚಿನಿಂದ ನೀರು ಕುಡಿಯಬೇಕು ಎಂದು ಯಾರೋ ಹೇಳಿದ್ದು ನೆನಪಾಗಿ ಹಾಗೂ ಮಾಡಿದೆ. ನೀರು ಮೂಗಿಗೆ ಹೋಯಿತು, ಬಿಕ್ಕಳಿಕೆ ಅಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ತಾನಾಗಿ ನಿಂತಿತು. ಮರುದಿನ ಬೆಳಿಗ್ಗೆ ಅರ್ಧ ಮಾತ್ರೆಯ ಹಿಂದೆಯೇ ಮತ್ತೆ ಹಾಜರು.

ನಮ್ಮಲ್ಲಿ ಬಿಕ್ಕಳಿಕೆ ನಿಲ್ಲಿಸಲು ಒಂದು ಹಳೇ ಮದ್ದುಂಟು. ಬಿಕ್ಕಳಿಸುವವರ ಮೇಲೆ ಇದ್ದಕ್ಕಿದ್ದಂತೆ ಕಳ್ಳತನ ಹೊರಿಸಬೇಕು. ಬೆಲ್ಲ ಕದ್ದೆಯಂತೆ, ತುಪ್ಪ ಕದ್ದೆಯಂತೆ ಎಂದು ಗದರಿಸಿದರೆ, ನಾನಲ್ಲ ನಾನಲ್ಲ ಎನ್ನುವ ಗಾಬರಿಯಲ್ಲಿ ಬಿಕ್ಕಳಿಕೆ ಮರೆತುಹೋಗುತ್ತದೆ. ನಮ್ಮ ಯಜಮಾನರಿಗೂ ಅದು ಗೊತ್ತು. ಆದರೆ ಅವರ ಕೈಯಲ್ಲಿ ಆಗಬೇಕಲ್ಲ! ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು, "ಅಲ್ಲಾ... ಅದೇನೋ ನೀನು ಬೆಲ್ಲ ತಗೊಂಡ್ಯಂತೆ?" ಅಂದರು. ಕಾಫಿ ಆಯಿತಾ ಎಂದು ಕೇಳುವ ದನಿಯಲ್ಲಿ.

"ಹ್ಞೂಂ, ತಗೊಂಡೆ. ನಮ್ಮನೆ... ಹಿಕ್... ಬೆಲ್ಲ ತಾನೇ?"

"ಹೌದು ಬುಡು, ಅದೂ ನಿಜವೇ," ಎಂದು ವಾಪಸು ಹೋದರು.

ಅದೇ ವಾರ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸ್ವಲ್ಪ ಸಾಮಾನು ತರುವುದಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕ ಖುಷಿಗೆ ಬಿಕ್ಕಳಿಕೆಗೂ ಹುರುಪು ಬಂತು. ಪಕ್ಕದ ಅಜ್ಜಿ ನನ್ನ ತೊಡೆ ತಟ್ಟಿ, "ಯಾರೋ ನೆನುಸ್ಕತಾವ್ರೆ ಕಣವ್ವ. ಒಬ್ಬೊಬ್ಬರ್ನೇ ಹೇಳ್ಕಂಡು ಬಾ, ಸರಿಯಾದೋರು ಬಂದ ತಕ್ಷಣ ನಿಂತೋಯ್ತದೆ," ಅಂದಳು. ಮಗಳು ಎಂದೆ. ಹಿಕ್. ಅಳಿಯ ಎಂದೆ. ಹಿಕ್. ತಮ್ಮ, ತಮ್ಮನ ಹೆಂಡತಿ, ಚಿಕ್ಕಮ್ಮ. ಹಿಂದಿನ ಸೀಟಿನವನೊಬ್ಬ "ಸೊಸೈಟಿ ಸೆಕ್ರೆಟ್ರಿ ಇರ್ಬೋದು, ಕೇಳಿ ನೋಡಿ" ಎಂದ. ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಟಿಕೆಟ್ಟು ಹರಿದುಕೊಟ್ಟು, "ಯಾರ್ನೋ ಒಬ್ಬರ್ನ ಬಿಟ್ಟಿದ್ದೀರ ಅಮ್ಮ," ಎಂದು ಮುಂದಕ್ಕೆ ಹೋದ. ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಅವಳ್ಯಾಕೆ ನನ್ನನ್ನು ನೆನೆಯುತ್ತಾಳೆ ಎಂದು ಕಿಟಕಿಯ ಆಚೆ ನೋಡುತ್ತಾ ಬಿಕ್ಕಳಿಸಿಕೊಂಡು ಕ್ರಾಸಿನಲ್ಲಿ ಇಳಿದೆ.

ಮತ್ತೊಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಕೊಬ್ಬರಿ ಕೆಲಸ. ಅಟ್ಟದಿಂದ ಕಾಯಿ ಇಳಿಸಿ, ಅಂಗಳದಲ್ಲಿ ಆಳುಗಳು ಸಿಪ್ಪೆ ಸುಲಿಯುತ್ತಿದ್ದರು. ಚಿಪ್ಪು ಒಡೆದು ಉಂಡೆ ಬಿಡಿಸುವ ಹೆಂಗಸರು ಇನ್ನೊಂದು ಕಡೆ. ಯಜಮಾನರು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆಯೇ ಎಂದು ನೋಡುತ್ತಿದ್ದರು. ನಾನು ಒಳಗೆ ಅಷ್ಟೂ ಜನಕ್ಕೆ ಕಾಫಿ ಕಾಯಿಸುತ್ತಾ ಬಿಕ್ಕಳಿಸುತ್ತಿದ್ದೆ. ಆಗ ತಲೆಯ ಮೇಲಿನ ಕಿಂಡಿಯಿಂದ ಗುಡುಗು ಬಿತ್ತು.

"ಲೇ, ಕಾಯಿ ಕದ್ದೋಳೇ! ತಡಿಕೆ ಸಂದೀಲಿ ಕೈ ಹಾಕಿ ನನ್ ಅಟ್ಟದ ಕಾಯಿ ಎಳ್ಕಂಡಿದ್ದೀಯ! ಕಣ್ಣಾರೆ ಕಂಡೆ ಕಣೇ! ಕಳ್ಳಿ!"

ಅಂಗಳದಲ್ಲಿ ಸುಲಿಯುವ ಸದ್ದು ನಿಂತಿತು. ಹಾಲು ಉಕ್ಕಿತು. ಕೇಳಿದ ಮಾತು ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಇಕ್ಕಳ ಎಸೆದೆ. ಇಷ್ಟು ವರ್ಷದ ಮೇಲೆ ಬಾಯಿ ಬಿಟ್ಟವಳು ಅದೇ ಮಾತನ್ನೇ ಆಡಬೇಕೇ? ಅದೂ ಇಷ್ಟು ಜನ ಆಳುಗಳ ಎದುರು, ನಾನು ನನ್ನದೇ ಕಾಯಿ ಇಳಿಸುವ ದಿನ?

ಮಾತ್ರೆ ತೆಗೆದುಕೊಂಡು ಏಣಿ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಕೋಪ ಬಂದರೆ ಹತ್ತಬಹುದೇ ಎಂದು ನಾನು ಕೇಳಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ತಡಿಕೆಯ ಆಚೆ ಅವಳ ಆಕಾರ ಕಾಣಿಸಿತು. ಅವಳೂ ಅಟ್ಟ ಹತ್ತಿ ನಿಂತಿದ್ದಳು.

"ಯಾರೇ ಕಳ್ಳಿ? ನಿನ್ ಮರ ನನ್ ಕಡೆ ಬಗ್ಗಿದ್ರೆ ನಾನೇನು ಅದರ ಕುತ್ಗೆ ಹಿಡ್ಕಂಡು ಬಗ್ಗಿಸಿದ್ನಾ? ಬಿದ್ದ ಒಂದೊಂದು ಕಾಯ್ನೂ ಎಸೆದೆಸೆದು ನನ್ ತೋಳು ಬಿದ್ದೋಯ್ತು! ಪಂಕ್ತೀಲಿ ಅಷ್ಟು ಜನದ ಮುಂದೆ ನನ್ ಮಾನ ಕಳೆದೆ. ನಾನು ಈ ಮನೆಗೆ ಬಂದ ಹೊಸದ್ರಲ್ಲಿ ಜ್ವರ ಬಂದಾಗ ಪಕ್ಕದಲ್ಲಿ ಮಲಗಿ ನೋಡ್ಕಂಡೋಳು ನೀನು. ಅವ್ವನಿಗಿಂತ ಹೆಚ್ಚಾಗಿ ನೋಡ್ಕಂಡೆ. ಬೇರೆ ಯಾರು ಅಂದಿದ್ರೂ ನಾನು ಕ್ಯಾರೇ ಅಂತಿರ್ಲಿಲ್ಲ. ನೀನು ಅಂದ್ಯಲ್ಲಕ್ಕಾ, ನೀನು!"

ದನಿ ಒಡೆಯಿತು. ಅಳು ಬಂತು, ಅದೂ ಕೋಪದ ಅಳು. ಅವಳು ಏನಾದರೂ ತಿರುಗಿ ಅನ್ನಲಿ ಎಂದು ನಾನು ಸೊಂಟದ ಮೇಲೆ ಕೈಯಿಟ್ಟು ಕಾದೆ.

"ನಿಂತ್ಕಂತಾ?" ಅಂದಳು.

"ಏನು?"

"ಬಿಕ್ಕಳಿಕೆ ಕಣೇ. ನಿಂತ್ಕಂತಾ?"

ನಿಂತಿತ್ತು. ಅಷ್ಟುದ್ದ ಮಾತಾಡಿದ್ದೆ, ಮಧ್ಯೆ ಒಂದೇ ಒಂದು ಬಿಕ್ಕಳಿಕೆ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಗಂಟಲು ಮುಟ್ಟಿ ನೋಡಿಕೊಂಡೆ.

"ದಿನಾ ಬೆಳಗಾದ್ರೆ ಹಿಕ್ ಹಿಕ್ ಹಿಕ್. ಕೇಳೀ ಕೇಳೀ ನನ್ ತಲೆ ಕೆಟ್ಟೋಗಿತ್ತು," ಅಂದಳು ಅಕ್ಕ. "ನಿನ್ ಗಂಡ ಬೆಲ್ಲ ಕದ್ದ್ಯಾ ಅಂತ ಕೇಳಿದ್ದೂ ಕೇಳುಸ್ತು. ಹಂಗಾ ಹೆದ್ರುಸೋದು? ದೇವ್ರ ಹತ್ರ ಪ್ರಸಾದ ಕೇಳ್ದಂಗೆ!" ಹೀಗೆಂದವಳು ಏಣಿ ಇಳಿದು ಹೋಗಿಬಿಟ್ಟಳು. ಇಳಿಯುವಾಗ ಮಂಡಿ ನೋವಿಗೆ ನರಳಿದ್ದು ಕೇಳಿಸಿತು. ಮೊದಲು ಅವಳಿಗೆ ಮಂಡಿ ನೋವು ಇರಲಿಲ್ಲ.

ಕೆಳಗಿಳಿದರೆ ಅಂಗಳದಲ್ಲಿ ಕುರುಕ್ಷೇತ್ರಕ್ಕೆ ಸಿದ್ಧತೆ ನಡೆದಿತ್ತು. ಭಾವ ಅರ್ಧ ಕ್ಷೌರದ ಮುಖದಲ್ಲಿ ಸೋಪಿನ ನೊರೆಯೊಂದಿಗೆ ಓಡಿಬಂದಿದ್ದರು. ಯಜಮಾನರು ಕೈಯಲ್ಲಿ ಕಾಯಿ ಹಿಡಿದೇ ನಿಂತಿದ್ದರು. ಇನ್ನು ಒಂದೇ ಬೈಕಿನಲ್ಲಿ ಹೋಗುವಂತಿಲ್ಲವಲ್ಲ ಎಂಬ ದುಃಖ ಇಬ್ಬರ ಮುಖದಲ್ಲೂ ಕಾಣುತ್ತಿತ್ತು. ಆಳುಗಳು ಕಾಫಿ ಕೇಳಲೂ ಹೆದರಿ ಕೂತಿದ್ದರು.

"ಏನೂ ಇಲ್ಲ, ಕೆಲಸ ನೋಡ್ಕಳ್ಳಿ," ಅಂದೆ.

ಯಾರು ನಂಬುತ್ತಾರೆ? ಸಂಜೆಯೊಳಗೆ ಸುದ್ದಿ ತುರುವೇಕೆರೆ ದಾಟಿತ್ತು. ಮರುದಿನವೇ ಮಾಯಸಂದ್ರದ ಕಡೆಯಿಂದ ನಮ್ಮ ಮನೆತನದ ಒಬ್ಬ ದೊಡ್ಡಪ್ಪ ರಾಜಿ ಮಾಡಿಸಲು ಬಂದಿಳಿದರು. ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ನ್ಯಾಯ. ನಮ್ಮ ಮನೆಯಲ್ಲಿ ಕಾಫಿ ಕುಡಿದು ಕೇಳಿದರು, ಜಗಳವೇ ಇಲ್ಲ ಎಂದೆ. ಅಕ್ಕನ ಮನೆಗೆ ಹೋಗಿ ಅಲ್ಲೂ ಕಾಫಿ ಕುಡಿದರು, ಅವಳೂ ಜಗಳವೇ ಇಲ್ಲ ಎಂದಳು. "ಹಂಗಾದ್ರೆ ಇಬ್ರೂ ಮಾತಾಡ್ತೀರಾ?" ಎಂದರು. ಅದೂ ಇಲ್ಲ ಎಂದೆವು. ಜಗಳವೂ ಇಲ್ಲ, ಮಾತೂ ಇಲ್ಲ, ಇದಕ್ಕೆ ಯಾವ ನ್ಯಾಯ ಹೇಳುವುದು ಎಂದು ದೊಡ್ಡಪ್ಪ ಬೈದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದರು.

ಅವರು ಹೋದ ಮಾರನೇ ಬೆಳಿಗ್ಗೆ ಅರ್ಧ ಮಾತ್ರೆ ನುಂಗಿದೆ. ಬಿಕ್ಕಳಿಕೆ ಬಂತು. ಹಿಟ್ಟು ಕಲಸುವ ಕೈ ನಿಲ್ಲಿಸಿ ಮೇಲೆ ಕಿಂಡಿಯ ಕಡೆ ನೋಡಿದೆ. ಏನೂ ಇಲ್ಲ. ಎರಡನೆಯದು ಬಂತು. ಆಗ,

"ನಮ್ ಎಮ್ಮೆ ಹಾಲು ಕರ್ಕಂಡೋಗಿದ್ದೀಯಂತೆ! ಹಟ್ಟೀಲಿ ಹೆಜ್ಜೆ ಗುರ್ತು ಐತೆ!"

"ನಿಮ್ಮ ಎಮ್ಮೆ ಕರು ಹಾಕಿ ಎಷ್ಟು ದಿನವಾಯ್ತು? ಅದರಲ್ಲಿ ಹಾಲೆಲ್ಲೈತೆ?"

ಬಿಕ್ಕಳಿಕೆ ನಿಂತಿತು. ಮಾತೂ ನಿಂತಿತು. ಆದರೆ ಅದರ ಮಾರನೇ ದಿನ ನಾನು ಅವಳ ಅವರೆಕಾಯಿ ಕದ್ದಿದ್ದೆ. ಆಮೇಲೆ ಅವಳ ಸೊಸೆಯ ರೇಷ್ಮೆ ಸೀರೆ. ಆಮೇಲೆ ಹಾಲಿನ ಡೈರಿಯ ತಕ್ಕಡಿ. ಒಂದು ದಿನವಂತೂ ನಾನು ಗುಡಿಯ ಗಂಟೆಯನ್ನೇ ಕದ್ದು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಪ್ರತಿಯೊಂದಕ್ಕೂ ನಾನು ವಕೀಲರ ಹಾಗೆ ವಾದಿಸುತ್ತಿದ್ದೆ. ಈಗ ಗಾಬರಿ ಎಲ್ಲಿಂದ ಬರಬೇಕು? ಗಾಬರಿಯಿಲ್ಲದ ಮೇಲೆ ಬಿಕ್ಕಳಿಕೆಯೂ ನಿಲ್ಲುತ್ತಿರಲಿಲ್ಲ. ನಗುವಿನ ಮಧ್ಯೆ ಹಿಕ್, ಹಿಕ್ಕಿನ ಮಧ್ಯೆ ನಗು. ಗೋಡೆಯ ಆಚೆ ಅವಳೂ ಸೆರಗು ಬಾಯಿಗಿಟ್ಟು ನಗುವುದು ನನಗೆ ಗೊತ್ತಾಗುತ್ತಿತ್ತು. ಬೀದಿಯಲ್ಲಿ ಎದುರಾದರೆ ಮಾತ್ರ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆವು. ನಮ್ಮ ಹೆಮ್ಮೆಗೂ ಒಂದು ಮರ್ಯಾದೆ ಬೇಡವೇ?

"ಡಾಕ್ಟ್ರು ಹತ್ರ ಹೋಗನ ನಡಿ. ಇದು ಮಾತ್ರೇದೇ ಕಾಟ ಅಂತ ನಂಗನ್ನುಸ್ತದೆ," ಎಂದು ಯಜಮಾನರು ಶುರು ಮಾಡಿದರು.

ನನಗದು ಯಾವತ್ತೋ ಅನ್ನಿಸಿತ್ತು. ಆದರೂ ಒಂದು ದಿನ ಬಟ್ಟೆ ಒಗೆಯುವುದಿತ್ತು, ಒಂದು ದಿನ ಸೊಸೈಟಿಯಲ್ಲಿ ಅಕ್ಕಿ ಕೊಡುತ್ತಿದ್ದರು, ಒಂದು ದಿನ ಆ ಬಸ್ಸಿನ ಡ್ರೈವರು ಸರಿಯಿಲ್ಲ ಅನ್ನಿಸಿತು. ಜಗತ್ತಿನಲ್ಲಿ ಯಾರೂ ಕಾಯಿಲೆಯನ್ನು ಇಷ್ಟು ಜೋಪಾನ ಮಾಡಿರಲಾರರು. ಮಾತ್ರೆ ಮುಗಿಯುತ್ತಾ ಬಂದಾಗ ಬೇರೆ ದಾರಿಯಿರಲಿಲ್ಲ. ಹೋದೆ.

ಡಾಕ್ಟರು ಎಲ್ಲ ಕೇಳಿದರು. ಕಳ್ಳತನಗಳ ವಿಷಯ ನಾನು ಹೇಳಲಿಲ್ಲ, ಯಜಮಾನರು ಹೇಳಿಬಿಟ್ಟರು. ಡಾಕ್ಟರು ಬಹಳ ಹೊತ್ತು ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಕೆಲವರಿಗೆ ಈ ಮಾತ್ರೆಯಿಂದ ಹೀಗೆ ಬಿಕ್ಕಳಿಕೆ ಬರುತ್ತದಮ್ಮ. ಮೊದಲೇ ಬರಬೇಕಿತ್ತು. ಈಗ ನಿದ್ದೆ ಹೇಗಿದೆ?" ಎಂದರು.

"ಚೆನ್ನಾಗಿ ಬರ್ತಿದೆ ಸಾರ್."

"ಹಾಗಾದರೆ ಇನ್ನು ಬೇಡ. ಒಟ್ಟಿಗೆ ಬಿಡುವುದಲ್ಲ, ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿ."

ಇಳಿಸಿದೆ. ಅರ್ಧ ಮಾತ್ರೆ ಕಾಲಾಯಿತು. ಕಾಲು ಮಾತ್ರೆಗೆ ಕಾಲು ಬಿಕ್ಕಳಿಕೆ, ಬೆಕ್ಕಿನ ಮರಿಯ ಸೀನಿನಂಥದ್ದು. ಗೋಡೆಯಾಚೆಗೆ ಅದು ಕೇಳಿಸುವುದೇ ಅನುಮಾನ. ಆದರೂ ಕೇಳಿಸಿಕೊಂಡು ಅಕ್ಕ ನನ್ನ ಮೇಲೆ ಒಂದು ಹಿಡಿ ಕರಿಬೇವಿನ ಸಣ್ಣ ಕಳ್ಳತನ ಹೊರಿಸಿದಳು. ಆಮೇಲೆ ಅದೂ ನಿಂತಿತು.

ದಿನಾ ಬೆಳಗಾಗುತ್ತಿತ್ತು. ಮಾತ್ರೆ ಇಲ್ಲದೆಯೂ ನಿದ್ದೆ ಬರುತ್ತಿತ್ತು, ರೊಟ್ಟಿ ದುಂಡಗೆ ಬರುತ್ತಿತ್ತು. ಯಜಮಾನರಿಗೆ ಸಂತೋಷ. ನಾನು ಮಾತ್ರ ಕಿಂಡಿಯ ಕೆಳಗೆ ಹೋಗಿ ಹೋಗಿ ನಿಲ್ಲುತ್ತಿದ್ದೆ. ಆಚೆ ಅವಳು ಪಾತ್ರೆ ಇಡುವುದು, ನಲ್ಲಿ ತಿರುಗಿಸುವುದು, ಮಂಡಿ ಹಿಡಿದುಕೊಂಡು ಏಳುವುದು ಎಲ್ಲ ಕೇಳುತ್ತಿತ್ತು. ಬಾಯಿ ಬಿಟ್ಟು ಅಕ್ಕಾ ಎಂದು ಕರೆಯಲು ನನ್ನಿಂದ ಆಗಲಿಲ್ಲ. ಮತ್ತೆ ಮೊದಲಿನ ಹಾಗೇ ಆಗಿಬಿಡುತ್ತದೆ, ಇನ್ನು ಐದು ವರ್ಷ ಅವಳ ಟೀವಿಯ ಸದ್ದು ಕೇಳಿಕೊಂಡೇ ಕಳೆಯಬೇಕಾಗುತ್ತದೆ ಎಂದು ಭಯವಾಯಿತು. ನಮ್ಮಿಬ್ಬರ ಹತ್ತಿರ ಇನ್ನೆಷ್ಟು ಐದು ವರ್ಷಗಳಿವೆ?

ಒಂದು ದಿನ ಯಜಮಾನರು ತೋಟಕ್ಕೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಕಿಂಡಿಯ ಕೆಳಗೆ ನಿಂತು, "ಹಿಕ್," ಅಂದೆ.

ಸುಳ್ಳೇ ಬಿಕ್ಕಳಿಸುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಆಡಿನ ಮರಿ ಕೂಗಿದ ಹಾಗೆ ಬಂತು. ನನಗೇ ನಾಚಿಕೆಯಾಯಿತು. ಆಚೆ ಪಾತ್ರೆಯ ಸದ್ದು ನಿಂತಿತು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಹಿಕ್."

"ಇದ್ಯಾವ ಬಿಕ್ಕಳಿಕೆಯೇ?" ಅಂದಳು ಅಕ್ಕ.

ಐವತ್ತು ದಾಟಿದ ಹೆಂಗಸು ಕಳ್ಳ ಬಿಕ್ಕಳಿಕೆಯಲ್ಲಿ ಸಿಕ್ಕಿಬಿದ್ದರೆ ಏನು ಹೇಳಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ, "ಇವತ್ತು ನಾನು ಏನು ಕದ್ದೆ?" ಎಂದು ಕೇಳಿದೆ.

ಆಚೆ ಅವಳು ಮಂಡಿ ಹಿಡಿದುಕೊಂಡು ಎದ್ದ ಸದ್ದಾಯಿತು. ಆಮೇಲೆ ಅವಳ ದನಿ ಬಂತು. ಗದರುವ ದನಿಯಲ್ಲ.

"ಏನೂ ಇಲ್ಲ ಕಣೇ. ಕರಿಬೇವು ಕದ್ದ ಮ್ಯಾಲೆ ನೀನು ಏನೂ ಕದ್ದಿಲ್ಲ. ಮನೆ ಬಿಕೋ ಅಂತೈತೆ. ಬಾರೇ ಈಚಿಗೆ."

ನಾನು ಒಲೆ ಆರಿಸಿ ಹೋದೆ.